ಸೋತು ಸುಣ್ಣವಾದ ತಂಡ, ಅದಕ್ಕೊಂದು ಸೀಸನ್ ಪಾಸ್: ನನ್ನ ರಿವ್ಯೂ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಆಟ ತೋರಿಸುವ ಒಂದು ಆ್ಯಪ್‌ನಲ್ಲಿ 2023-24ರ ಸೀಸನ್ ಪಾಸ್ ತೆಗೆದುಕೊಂಡಿದ್ದೆ. ಆ್ಯಪ್ ಹೆಸರು ಬೇಡ ಬಿಡಿ, ಅರ್ಧ ತಪ್ಪು ನನ್ನದೇ. ಮೂವತ್ತು ತಂಡಗಳಿದ್ದವು, ನಾನು ಆರಿಸಿಕೊಂಡಿದ್ದು ಡೆಟ್ರಾಯ್ಟ್ ಪಿಸ್ಟನ್ಸ್.

ಶುರು ಚೆನ್ನಾಗೇ ಇತ್ತು. ಮೊದಲ ಮೂರು ಆಟದಲ್ಲಿ ಎರಡು ಗೆಲುವು, ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಒಬ್ಬ ಆಗಲೇ ಪ್ಲೇಆಫ್ ಲೆಕ್ಕ ಹಾಕುತ್ತಿದ್ದ. ಆಮೇಲೆ ಅಕ್ಟೋಬರ್ 30ರಿಂದ ಡಿಸೆಂಬರ್ 28ರವರೆಗೆ ಸತತ 28 ಸೋಲು. ನವೆಂಬರ್ ಪೂರ್ತಿ ಒಂದೂ ಗೆಲುವಿಲ್ಲ. ಒಂದೇ ಸೀಸನ್‌ನಲ್ಲಿ ಇಷ್ಟು ಉದ್ದಕ್ಕೆ ಯಾರೂ ಸೋತಿರಲಿಲ್ಲ, ಹಳೆಯ ದಾಖಲೆ 26 ಇತ್ತು.

ಆ್ಯಪ್‌ನಲ್ಲಿ 'ಸ್ಕೋರ್ ಮುಚ್ಚಿಡಿ' ಅಂತ ಒಂದು ಆಯ್ಕೆ ಇದೆ. ಆಟ ನೋಡುವ ಮೊದಲೇ ಫಲಿತಾಂಶ ಗೊತ್ತಾಗದಿರಲಿ ಅಂತ. ಪಿಸ್ಟನ್ಸ್ ಅಭಿಮಾನಿಗೆ ಅದರಿಂದ ಏನು ಉಪಯೋಗ, ಹೇಳಿ! ಆದರೆ ಇಡೀ ಆಟವನ್ನು ಹತ್ತು ನಿಮಿಷಕ್ಕೆ ಕತ್ತರಿಸಿ ತೋರಿಸುವುದಿದೆಯಲ್ಲ, ಅದಕ್ಕೆ ಪೂರ್ತಿ ಅಂಕ. ಎರಡೂವರೆ ಗಂಟೆ ಅನುಭವಿಸಬೇಕಾದ ನೋವು ಒಂದು ಕಾಫಿ ಮುಗಿಯುವಷ್ಟರಲ್ಲಿ ಮುಗಿಯುತ್ತದೆ.

ನಿಜ ಹೇಳಬೇಕೆಂದರೆ ಪಾಸ್‌ಗೆ ಕೊಟ್ಟ ದುಡ್ಡು ವಸೂಲಾಗಿದ್ದು ಗ್ರೂಪ್‌ನಲ್ಲಿ. ಆಟ ಇಲ್ಲದ ದಿನ 'ಇವತ್ತು ನಾವು ಅಜೇಯರು' ಅಂತ ಒಬ್ಬ ತಪ್ಪದೆ ಹಾಕುತ್ತಿದ್ದ. ಇನ್ನೊಬ್ಬ ಸೋಲುಗಳನ್ನು ಮಗ್ಗಿ ಹೇಳಿದ ಹಾಗೆ ಎಣಿಸುತ್ತಿದ್ದ, ಹದಿನೇಳೊಂದ್ಲ ಹದಿನೇಳು ಅಂತ. ಕೋಚ್ ಮಾಂಟಿ ವಿಲಿಯಮ್ಸ್ ಅವರ ಒಪ್ಪಂದ ಆರು ವರ್ಷಕ್ಕೆ 7.85 ಕೋಟಿ ಡಾಲರ್ ಅಂತ ಸುದ್ದಿಯಾಗಿತ್ತಲ್ಲ, ಸೀಸನ್ ಮುಗಿದ ಮೇಲೆ ಲೆಕ್ಕದ ಹುಚ್ಚಿನವನೊಬ್ಬ ಕೂತು ಭಾಗಿಸಿದ: ವರ್ಷಕ್ಕೆ ಸುಮಾರು 1.3 ಕೋಟಿ, ಗೆದ್ದಿದ್ದು 14, ಅಂದರೆ ಗೆಲುವೊಂದಕ್ಕೆ 9 ಲಕ್ಷ ಡಾಲರ್‌ಗೂ ಜಾಸ್ತಿ. ಇನ್ನೂ ಕಡಿಮೆ ಗೆದ್ದಿದ್ದರೆ ರೇಟು ಜಾಸ್ತಿ ಆಗುತ್ತಿತ್ತು ಅಂತ ಸಮಾಧಾನವನ್ನೂ ಹೇಳಿದ. ಅಂಗಣದಲ್ಲಿ ಜನ 'ಟೀಮ್ ಮಾರಿ' ಅಂತ ಮಾಲೀಕರಿಗೆ ಕೂಗುತ್ತಿದ್ದರೆ ಇಲ್ಲಿ ಒಬ್ಬನ ಪ್ರಶ್ನೆ, 'ಮಾರಿದರೆ ತಗೊಳ್ಳೋರು ಯಾರು?'

ತಂಡದ ಆಟಗಾರ ಕೇಡ್ ಕನ್ನಿಂಗ್‌ಹ್ಯಾಮ್ ಬಗ್ಗೆ ಮಾತ್ರ ಯಾರೂ ಜೋಕ್ ಮಾಡಲಿಲ್ಲ. 27ನೇ ಸೋಲಿನ ರಾತ್ರಿ ಆ ಹುಡುಗ 41 ಪಾಯಿಂಟ್ ಹೊಡೆದಿದ್ದ. ಅವನನ್ನು ಆಡಿಕೊಂಡರೆ ಪಾಪ ಸುತ್ತಿಕೊಳ್ಳುತ್ತದೆ.

28ನೆಯದು ಬಾಸ್ಟನ್‌ನಲ್ಲಿ. ಅರ್ಧ ಆಟಕ್ಕೆ 66-47, ನಾವು ಮುಂದೆ! ಗ್ರೂಪ್ ಗಪ್‌ಚಿಪ್, ದೃಷ್ಟಿ ತಾಗೀತು ಅಂತ ಒಬ್ಬರೂ ಟೈಪ್ ಮಾಡುತ್ತಿಲ್ಲ. ಕೊನೆಗೆ ಓವರ್‌ಟೈಮ್‌ನಲ್ಲಿ 128-122ಕ್ಕೆ ಸೋತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈಗ ಆ್ಯಪ್ ಮೇಲಿನ ಸಿಟ್ಟು. 28 ಸೋಲನ್ನೂ ಕನ್ನಡಿಯ ಹಾಗೆ ಸ್ವಚ್ಛವಾಗಿ ತೋರಿಸಿದ ಮಹಾನುಭಾವ, ಡಿಸೆಂಬರ್ 30ರಂದು ಟೊರಾಂಟೊ ವಿರುದ್ಧ ಕೊನೆಯ ನಿಮಿಷದಲ್ಲಿ ನಿಂತುಬಿಟ್ಟ. ಪರದೆ ಮೇಲೆ ಒಂದು ಚಕ್ರ ಗರಗರ ಸುತ್ತುತ್ತಿದೆ, ನಾನು ಸೋಫಾ ಮೇಲೆ ನಿಂತಿದ್ದೇನೆ. 129-127ಕ್ಕೆ ಗೆದ್ದ ವಿಷಯ ನನಗೆ ಗೊತ್ತಾಗಿದ್ದು ಗ್ರೂಪ್‌ನಿಂದ. ದೂರು ಕೊಟ್ಟೆ. ನಿಮ್ಮ ಇಂಟರ್‌ನೆಟ್ ಪರೀಕ್ಷಿಸಿ ಅಂತ ಉತ್ತರ ಬಂತು.

ಅಂತೂ 14 ಗೆಲುವು, 68 ಸೋಲಿಗೆ ಸೀಸನ್ ಮುಗಿಯಿತು. ಲೀಗ್‌ಗೇ ಕೊನೆ. ಹೊಸ ಆಟಗಾರರನ್ನು ಯಾವ ತಂಡ ಮೊದಲು ಆರಿಸಬೇಕು ಅಂತ ತೀರ್ಮಾನಿಸುವ ಡ್ರಾಫ್ಟ್ ಲಾಟರಿಯಲ್ಲಿ ಕೊನೆಯ ತಂಡ ಎಷ್ಟೇ ಕೆಟ್ಟರೂ ಐದನೇ ಸ್ಥಾನಕ್ಕಿಂತ ಕೆಳಗೆ ಬೀಳುವ ಹಾಗಿರಲಿಲ್ಲ. ನಮಗೆ ಸಿಕ್ಕಿದ್ದು ಸರಿಯಾಗಿ ಐದನೆಯದು, ಅದೂ ಸತತ ಮೂರನೇ ವರ್ಷ. ಲಾಟರಿಯಲ್ಲೂ ಸೋಲುವುದಕ್ಕೆ ಒಂದು ಯೋಗ ಬೇಕು, ಅಲ್ವಾ?

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಮುಂದಿನ ವರ್ಷಕ್ಕೂ ಪಾಸ್ ತೆಗೆದುಕೊಂಡೆ. ಹೊಸ ಕೋಚ್ ಬಂದರು, 44 ಆಟ ಗೆದ್ದರು, ಪ್ಲೇಆಫ್‌ಗೂ ಹೋದರು. ಆ್ಯಪ್ ಈಗ ಅಷ್ಟಾಗಿ ನಿಲ್ಲುವುದಿಲ್ಲ. ಗ್ರೂಪ್ ಮಾತ್ರ ಹಾಳಾಗಿದೆ: ಗೆದ್ದೆತ್ತಿನ ಬಾಲ ಹಿಡಿಯುವವರು ಹತ್ತು ಜನ ಹೊಸದಾಗಿ ಸೇರಿಕೊಂಡಿದ್ದಾರೆ, ಎಲ್ಲರೂ ಡಿಫೆನ್ಸ್ ಬಗ್ಗೆ ಗಂಭೀರವಾಗಿ ಚರ್ಚೆ ಮಾಡುತ್ತಾರೆ.