ಹಳೆ ಹ್ಯಾಮ್ ಸೆಟ್ಟಿನ ಲೂಸ್ ಕಾಂಟ್ಯಾಕ್ಟ್: ರಬ್ಬರ್, ಸ್ಪ್ರೇ, ಐಪಿಎ, ಯಾವುದು ವಾಸಿ?

ಗುಡ್ಡದ ಮೇಲೆಲ್ಲ ಗಾಳಿಯಂತ್ರ ತಿರುಗುವ ಚಿತ್ರದುರ್ಗದಲ್ಲಿ ಹಳೆ ರೇಡಿಯೋಗೆ ದೂಳಿನ ಕಾಟ ಜಾಸ್ತಿ. ನನ್ನದು ಹವ್ಯಾಸಿ (ಹ್ಯಾಮ್) ರೇಡಿಯೋದವರು ಮಾತಾಡಲೂ ಕೇಳಲೂ ಬಳಸುವ ಸೆಟ್, 1970ರ ದಶಕದ ಯಾಯೆಸು ಎಫ್‌ಟಿ-101ಇ. ಸಿಗ್ನಲ್ ಕಳಿಸುವ ಕೊನೆಯ ಹಂತಗಳಾದ ಡ್ರೈವರ್ ಮತ್ತು ಔಟ್‌ಪುಟ್‌ಗೆ ಮಾತ್ರ ವಾಲ್ವ್ (ಗಾಜಿನ ನಿರ್ವಾತ ಕೊಳವೆ), ಉಳಿದದ್ದು ಟ್ರಾನ್ಸಿಸ್ಟರ್. ಹೆಚ್ಚಿನ ಬೋರ್ಡುಗಳನ್ನು ಸಾಕೆಟ್ಟಿನಿಂದ ಎಳೆದು ತೆಗೆಯಬಹುದು.

40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್ ಸುತ್ತಿನ ತರಂಗಗಳು) ಚೆನ್ನಾಗಿ ಕೇಳುತ್ತಿದ್ದ ಸ್ಟೇಷನ್ ಸುಮ್ನೆ ಮಾಯವಾಗುತ್ತಿತ್ತು. ಪಿಟಿಟಿ, ಅಂದರೆ ಮಾತಾಡಲು ಒತ್ತುವ ಮೈಕಿನ ಗುಂಡಿ, ಒಮ್ಮೆ ಒತ್ತಿ ಬಿಟ್ಟರೆ ವಾಪಸ್ ಬರುತ್ತಿತ್ತು. ಹೀಗಾದರೆ ಮೊದಲು ಅನುಮಾನ ಪಡಬೇಕಾದದ್ದು ರಿಲೇ ಮೇಲೆ, ಅಂದರೆ ಆಂಟೆನಾವನ್ನು ಕೇಳುವ ಕಡೆಗೂ ಕಳಿಸುವ ಕಡೆಗೂ ಬದಲಿಸುವ ವಿದ್ಯುತ್ ಸ್ವಿಚ್ಚಿನ ಮೇಲೆ. ಆಂಟೆನಾದಿಂದ ಬರುವ ಸಿಗ್ನಲ್ ಮೈಕ್ರೋವೋಲ್ಟ್ ಲೆಕ್ಕದ್ದು. ರಿಲೇ ಪಾಯಿಂಟಿನ ಮೇಲೆ ತೆಳು ಪೊರೆ ಕಟ್ಟಿದರೂ ಅದಕ್ಕೆ ದಾಟಲು ಆಗುವುದಿಲ್ಲ. ಮಲ್ಟಿಮೀಟರಿನ ಬೀಪ್ ನಂಬಬೇಡಿ. ಹತ್ತಾರು ಓಮ್ ತಡೆ ಇದ್ದರೂ ಅದು ಕೂಗುತ್ತದೆ. ಮೀಟರಿನ ವೋಲ್ಟೇಜೇ ಪೊರೆಯನ್ನು ಸೀಳಿ ಸುಳ್ಳು ಹೇಳಿಸಲೂಬಹುದು.

ಕೈ ಹಾಕುವ ಮೊದಲು ಪ್ಲಗ್ ಕೀಳಿ, ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತನ್ನು ಡಿಸ್ಚಾರ್ಜ್ ಮಾಡಿ. ಒಳಗೆ 600 ವೋಲ್ಟ್ ಇರುತ್ತದೆ, ಇದರಲ್ಲಿ ಉದಾಸೀನ ಬೇಡ.

ಪೆನ್ಸಿಲ್ ರಬ್ಬರ್ ಅಗ್ಗ. ಬೋರ್ಡಿನ ಅಂಚಿನ ಪಟ್ಟಿಗಳನ್ನು ಬೇಗ ಹೊಳೆಯಿಸುತ್ತದೆ. ಆದರೆ ಸಾಕೆಟ್ಟಿನ ಒಳಗೆ ಹೋಗುವುದಿಲ್ಲ. ಇಂಕ್ ಅಳಿಸುವ ಒರಟು ರಬ್ಬರ್ ಅಂತೂ ಲೇಪವನ್ನೇ ಕೀಳುತ್ತದೆ.

ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬ್ಯಾಂಡ್ ಬದಲಿಸುವ ಸ್ವಿಚ್ಚಿಗೆ ಒಳ್ಳೆಯದು, ಕಡ್ಡಿ ತುದಿಯಲ್ಲಿ ಒಂದು ಹನಿ ಮುಟ್ಟಿಸಿದರೆ ಮಾತ್ರ. ಡಬ್ಬಿಯಿಂದ ನೇರ ಹೊಡೆದರೆ ಸ್ವಿಚ್ಚಿನ ವೇಫರ್ (ಸಂಪರ್ಕಗಳನ್ನು ಹಿಡಿದಿರುವ ಬಿಲ್ಲೆ) ಅದನ್ನು ಹೀರಿಕೊಳ್ಳುತ್ತದೆ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡವೇ ಬೇಡ. ಜಿಡ್ಡು ಉಳಿಯುತ್ತದೆ, ನಮ್ಮೂರ ದೂಳು ಅದಕ್ಕೇ ಬಂದು ಅಂಟುತ್ತದೆ.

ನನ್ನ ಓಟು ಐಪಿಎಗೆ. ಮೊಬೈಲ್ ರಿಪೇರಿಯವರು ಬಳಸುವ ಅದೇ ಐಸೋಪ್ರೊಪೈಲ್ ಆಲ್ಕೋಹಾಲ್. ದಪ್ಪ ಬಿಳಿ ಕಾಗದದ ಸಣ್ಣ ಪಟ್ಟಿಯನ್ನು ಅದರಲ್ಲಿ ಅದ್ದಿ, ರಿಲೇ ಪಾಯಿಂಟುಗಳ ನಡುವೆ ಇಟ್ಟು, ಬೆರಳಿನಿಂದ ಮೆಲ್ಲಗೆ ಮುಚ್ಚಿ ಎಳೆಯಬೇಕು. ಕಾಗದದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಗೆರೆ ನಿಲ್ಲುವವರೆಗೆ ಹೊಸ ಪಟ್ಟಿ ಹಾಕಿ, ಕೊನೆಗೆ ಒಣ ಪಟ್ಟಿ. ಅರ, ಉಪ್ಪುಕಾಗದ ಮುಟ್ಟಿಸಬಾರದು. ನನ್ನ ಸೆಟ್ಟಿನ ಕಿವುಡು ಹೋಗಿದ್ದು ಇದರಿಂದಲೇ. ಸ್ಪ್ರೇಯಿಂದ ರಿಲೇ ಸರಿಹೋದರೂ ಬಹಳ ದಿನ ಬಾಳಲಿಲ್ಲ.

ಇಷ್ಟಾದ ಮೇಲೂ ಬೋರ್ಡು ಅಲುಗಿಸಿದಾಗ ಕರಕರ ಅಂದರೆ ಅದು ಬಹುಶಃ ಕೊಳೆಯ ತಪ್ಪಲ್ಲ, ಬೆಸುಗೆಯದು. ಸಾಕೆಟ್ ಪಿನ್ನಿನ ಸುತ್ತ ಉಂಗುರದಂಥ ಬಿರುಕು ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ. ಇದ್ದರೆ ಹಳೆ ಸೋಲ್ಡರ್ ತೆಗೆದು, 60/40 (ತವರ-ಸೀಸದ) ಸೋಲ್ಡರ್ ಹಾಕಿ ಮತ್ತೆ ಬೆಸೆಯಿರಿ.