ಹರ್ನಿಯಾ ಅಂದರು, ಕೊಬ್ಬಿನ ಗಂಟು ಅಂದರು, ಕೊನೆಗೆ ಕ್ಯಾನ್ಸರ್ ಆಗಿತ್ತು

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಾನು ಇದನ್ನು ಆರು ತಿಂಗಳು ಹೆಂಡತಿಗೂ ಹೇಳಿರಲಿಲ್ಲ.

ಬಲಗಡೆ ತೊಡೆಸಂದಿಯ ಕೆಳಗೆ, ಬೀಜದ ಮೇಲ್ಭಾಗದಲ್ಲಿ ಒಂದು ಗಂಟು. ನೋವಿಲ್ಲ, ಉರಿಯಿಲ್ಲ. ಸ್ನಾನ ಮಾಡುವಾಗ ಮಾತ್ರ ಕೈಗೆ ಸಿಗುತ್ತಿತ್ತು. ಡಾಕ್ಟರ್ ಕೆಮ್ಮಿ ಅಂದರು, ಕೆಮ್ಮಿದೆ. ಎರಡು ಬೆರಳಲ್ಲಿ ಒತ್ತಿ ನೋಡಿ "ಹರ್ನಿಯಾ" ಅಂದರು. ಸ್ಕ್ಯಾನಿಂಗ್ ಬೇಡ್ವಾ ಅಂತ ಕೇಳಿದೆ. ಸುಮ್ನೆ ಯಾಕೆ, ಹೇಗಿದ್ರೂ ಆಪರೇಷನ್ ಮಾಡ್ತೀವಲ್ಲ ಅಂದರು. ನನಗೂ ಅದು ಸರಿ ಅನ್ನಿಸಿತು.

ಕುಯ್ದು ನೋಡಿದರೆ ಕರುಳು ಇಳಿದೇ ಇರಲಿಲ್ಲವಂತೆ, ಬರೀ ಕೊಬ್ಬಿನ ಗಂಟು. ತುಂಡು ತುಂಡಾಗಿ ತೆಗೆದು ಹೊಲಿಗೆ ಹಾಕಿದರು. ಮನೆಗೆ ಬಂದೆ, ಮರೆತೆ.

ಎರಡು ವರ್ಷದ ಮೇಲೆ ಅದೇ ಜಾಗದಲ್ಲಿ ಮತ್ತೆ ಗಂಟು, ಈ ಸಲ ಇನ್ನೂ ದಪ್ಪ. ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ಗಂಟನ್ನು ಮುಟ್ಟುವ ಮೊದಲೇ ಕೇಳಿದ್ದು ಒಂದೇ: "ಹೋದ ಸಲ ತೆಗೆದದ್ದರ ಬಯಾಪ್ಸಿ ರಿಪೋರ್ಟ್ ಎಲ್ಲಿ?" ಹಳೇ ಆಸ್ಪತ್ರೆಯಲ್ಲಿ ವಿಚಾರಿಸಿದೆ. ಲ್ಯಾಬ್‌ಗೆ ಕಳಿಸಿಯೇ ಇರಲಿಲ್ಲ. ಕಸಕ್ಕೆ ಹೋಗಿತ್ತು.

ನನಗಿದ್ದದ್ದು ಲೈಪೋಸಾರ್ಕೋಮಾ, ಅಂದರೆ ಕೊಬ್ಬಿನ ಕ್ಯಾನ್ಸರ್. ಬೀಜದ ಒಳಗಲ್ಲ, ಅದಕ್ಕೆ ರಕ್ತನಾಳ, ವೀರ್ಯನಾಳ ಎಲ್ಲ ಹೊತ್ತು ತರುವ ಹುರಿಯಲ್ಲಿ. ತುಂಬಾ ಅಪರೂಪ. ಬರಿಗಣ್ಣಿಗೆ ಮಾಮೂಲಿ ಕೊಬ್ಬಿನ ಹಾಗೇ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲೂ ಅನುಮಾನ ಉಳಿದು, ಎಂಡಿಎಂ2 ಅನ್ನೋ ಜೀನ್ ಪರೀಕ್ಷೆ ಮಾಡಿದ ಮೇಲೆಯೇ ಖಚಿತವಾಯಿತು. ಎಎಫ್‌ಪಿ, ಬೀಟಾ ಎಚ್‌ಸಿಜಿ ಅನ್ನೋ ರಕ್ತಪರೀಕ್ಷೆಗಳೆಲ್ಲ ನಾರ್ಮಲ್ ಬಂದಿದ್ದವು. ಅದನ್ನು ನೋಡಿ ನಾನು ಖುಷಿಪಟ್ಟಿದ್ದೆ ಬೇರೆ! ಆ ರಕ್ತಪರೀಕ್ಷೆಗಳು ಬೀಜದೊಳಗಿನ ಮಾಮೂಲಿ ಕ್ಯಾನ್ಸರ್‌ಗೆ, ಇದಕ್ಕಲ್ಲ.

ಎರಡನೇ ಆಪರೇಷನ್‌ನಲ್ಲಿ ಬೀಜ, ಹುರಿ, ಸುತ್ತಲಿನ ಒಂದಿಷ್ಟು ಮಾಂಸ ಎಲ್ಲ ತೆಗೆಯಬೇಕಾಯಿತು. ಮೊದಲ ಸಲವೇ ಗಂಟನ್ನು ಒಡೆಯದೆ ಹುರಿಯ ಸಮೇತ ಇಡಿಯಾಗಿ ತೆಗೆದಿದ್ದರೆ ಕೆಲಸ ಇಷ್ಟು ಕಷ್ಟ ಆಗುತ್ತಿರಲಿಲ್ಲ. ಇದು ಎಷ್ಟೋ ವರ್ಷದ ಮೇಲೂ ಅದೇ ಜಾಗದಲ್ಲಿ ತಲೆ ಎತ್ತಬಹುದು, ಹಾಗಾಗಿ ಸ್ಕ್ಯಾನ್ ನಿಲ್ಲಿಸುವ ಹಾಗಿಲ್ಲ.

ಹೆದರಿಸೋಕೆ ಹೇಳ್ತಿಲ್ಲ. ಅಲ್ಲಿನ ಊತ ಹೆಚ್ಚಿನವರಿಗೆ ಹರ್ನಿಯಾ ಅಥವಾ ನೀರು ತುಂಬಿದ ಹೈಡ್ರೋಸಿಲ್ಲೇ ಆಗಿರುತ್ತದೆ. ಆದರೆ ಹೈಡ್ರೋಸಿಲ್ ಅಂದುಕೊಂಡು ಕುಯ್ದಾಗ ಬೀಜದ ಹೊದಿಕೆಯಲ್ಲಿ ಮೀಸೋಥೀಲಿಯೋಮಾ ಅನ್ನೋ ಕ್ಯಾನ್ಸರ್ ಸಿಕ್ಕಿರುವುದೂ ಉಂಟು. ಹುಡುಗರಲ್ಲಿ ಇದೇ ಜಾಗದಲ್ಲಿ ಸ್ನಾಯುವಿನ ಕ್ಯಾನ್ಸರ್ ಆದ ರ‍್ಯಾಬ್ಡೋಮಯೋಸಾರ್ಕೋಮಾ ಬರಬಹುದು. ಅರವತ್ತು ದಾಟಿದವರಿಗೆ ಬೀಜ ಗಟ್ಟಿಯಾಗಿ ಊದಿಕೊಂಡರೆ ಲಿಂಫೋಮಾ ಅನ್ನೋ ಬಿಳಿ ರಕ್ತಕಣಗಳ ಕ್ಯಾನ್ಸರ್ ಇರಬಹುದು.

ಆದ್ದರಿಂದ ಗಟ್ಟಿ ಗಂಟಾದರೆ ಕುಯ್ಯುವ ಮೊದಲು ಅಲ್ಟ್ರಾಸೌಂಡ್ ಮಾಡಿಸಿ. ಕ್ಯಾನ್ಸರ್ ಅನುಮಾನ ಇದ್ದರೆ ಬೀಜದ ಚೀಲದ ಚರ್ಮ ಕುಯ್ಯೋದು, ಸೂಜಿ ಚುಚ್ಚೋದು ಬೇಡ, ತೊಡೆಸಂದಿಯ ಮೂಲಕವೇ ಹೋಗಬೇಕು. ಬೀಜದ ದುಗ್ಧರಸ (ಮೈಯ ಅಂಗಾಂಶಗಳಿಂದ ಹರಿದು ಬರುವ ತಿಳಿ ದ್ರವ, ಕ್ಯಾನ್ಸರ್ ಹರಡುವ ಒಂದು ದಾರಿ) ಹೊಟ್ಟೆಯೊಳಗಿನ ಗ್ರಂಥಿಗಳಿಗೆ ಹೋಗುತ್ತದೆ, ಚೀಲದ ಚರ್ಮದ್ದು ತೊಡೆಸಂದಿಯ ಗ್ರಂಥಿಗಳಿಗೆ. ಚರ್ಮ ಕುಯ್ದರೆ ಕ್ಯಾನ್ಸರ್‌ಗೆ ಇನ್ನೊಂದು ದಾರಿ ತೆರೆದುಕೊಟ್ಟ ಹಾಗೆ. ಇನ್ನು, ತೆಗೆದದ್ದು ಎಷ್ಟೇ ಚಿಕ್ಕದಿರಲಿ, ಲ್ಯಾಬ್‌ಗೆ ಹೋಯಿತಾ ಕೇಳಿ. ರಿಪೋರ್ಟ್ ಕೈಗೆ ಬರುವ ತನಕ ಬಿಡಬೇಡಿ.

ಮೊದಲನೇ ಡಿಸ್ಚಾರ್ಜ್ ಚೀಟಿ ಇನ್ನೂ ನನ್ನ ಫೈಲಿನಲ್ಲಿದೆ. "ಕೊಬ್ಬಿನ ಗಂಟು ತೆಗೆಯಲಾಗಿದೆ." ಅದರ ಕೆಳಗೆ, ಬಯಾಪ್ಸಿ ಅಂತ ಅಚ್ಚಾಗಿರುವ ಜಾಗದಲ್ಲಿ, ಒಂದು ಅಡ್ಡಗೆರೆ.