ಕೆಟ್ಟ ಫೈಲ್ ಅನುಮತಿಗಳನ್ನು ಸರಿಪಡಿಸುವ ದಾರಿಗಳು: ಒಂದು ಹೋಲಿಕೆ

ಲಿನಕ್ಸ್‌ನಲ್ಲಿ ರೂಟ್ (ಎಲ್ಲ ಅಧಿಕಾರವೂ ಇರುವ ಬಳಕೆದಾರ) ಆಗಿ ಕೊಟ್ಟ ‘ಚ್‌ಮಾಡ್ -ಆರ್ 777’ ಕಮಾಂಡ್, ಅಂದರೆ ಒಳಗಿರುವ ಎಲ್ಲವನ್ನೂ ಓದುವ, ಬರೆಯುವ, ನಡೆಸುವ ಅನುಮತಿಯನ್ನು ಎಲ್ಲರಿಗೂ ಕೊಡುವ ಕಮಾಂಡ್, ತಪ್ಪು ಡೈರೆಕ್ಟರಿಯ ಮೇಲೆ ಓಡಿದರೆ ಫೈಲ್‌ಗಳೊಳಗಿನ ಒಂದಕ್ಷರವೂ ಕೆಡುವುದಿಲ್ಲ. ಯಾವ ಫೈಲಿಗೆ ಮೊದಲು ಯಾವ ಅನುಮತಿಯಿತ್ತು ಎಂಬ ಮಾಹಿತಿ ಮಾತ್ರ ಅಳಿದುಹೋಗುತ್ತದೆ, ಮತ್ತು ಚ್‌ಮಾಡ್ ಅದನ್ನು ಎಲ್ಲಿಯೂ ಬರೆದಿಡುವುದಿಲ್ಲ. ಆದ್ದರಿಂದ ಹಳೆಯ ಅನುಮತಿಗಳು ಬೇರೆಲ್ಲಿ ದಾಖಲಾಗಿವೆ ಎಂಬ ಒಂದೇ ಪ್ರಶ್ನೆಯಿಂದ ದುರಸ್ತಿಯ ದಾರಿಗಳನ್ನು ಅಳೆಯಬೇಕೆಂದು ನನಗೆ ತೋರಿತು. ಅದಕ್ಕಾಗಿ ಆಲ್ಮಾಲಿನಕ್ಸ್ 9 ಮತ್ತು ಡೆಬಿಯನ್ 12 ಎಂಬ ಲಿನಕ್ಸ್ ಸಿಸ್ಟಮ್‌ಗಳಿರುವ ವರ್ಚುವಲ್ ಮಷೀನ್‌ಗಳಲ್ಲಿ /ಇಟಿಸಿ, /ಯುಎಸ್‌ಆರ್, /ವಾರ್ ಎಂಬ ಮೂರು ಸಿಸ್ಟಮ್ ಡೈರೆಕ್ಟರಿಗಳನ್ನೂ ಬೇಕೆಂದೇ ಕೆಡಿಸಿ ನೋಡಿದೆ.

ಎರಡರಲ್ಲೂ ಮೊದಲ ಪರಿಣಾಮ ಒಂದೇ. ಪ್ರೋಗ್ರಾಂ ತನ್ನ ಮಾಲೀಕನ ಅಧಿಕಾರದಲ್ಲಿ ಓಡುವಂತೆ ಮಾಡುವ ಸೆಟ್‌ಯುಐಡಿ ಬಿಟ್ ಅಳಿದುದರಿಂದ, ರೂಟ್ ಅಧಿಕಾರ ಕೊಡಿಸುವ ಸುಡೋ ಸಾಮಾನ್ಯ ಬಳಕೆದಾರನಿಗೆ ಕೆಲಸ ಮಾಡುವುದಿಲ್ಲ; ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರನ್ನು ರೀಸ್ಟಾರ್ಟ್ ಮಾಡಿದರೆ ಹೋಸ್ಟ್ ಕೀಗಳು (ಸರ್ವರಿನ ಗುರುತಿನ ಗುಪ್ತ ಫೈಲ್‌ಗಳು) ಎಲ್ಲರಿಗೂ ತೆರೆದಿವೆಯೆಂದು ದೂರಿ ಅದು ಏಳುವುದೇ ಇಲ್ಲ. ಹೀಗಾಗಿ ಯಾವ ದಾರಿ ಹಿಡಿದರೂ, ತೆರೆದಿರುವ ರೂಟ್ ಶೆಲ್ಲನ್ನು ಕೆಲಸ ಮುಗಿಯುವವರೆಗೆ ಮುಚ್ಚಬಾರದು.

ಆಲ್ಮಾಲಿನಕ್ಸ್‌ನಲ್ಲಿ ಪ್ಯಾಕೇಜುಗಳನ್ನು ಸ್ಥಾಪಿಸುವ ಆರ್‌ಪಿಎಂನ ಡೇಟಾಬೇಸ್ ತಾನು ಸ್ಥಾಪಿಸಿದ ಪ್ರತಿ ಫೈಲಿನ ಅನುಮತಿ, ಮಾಲೀಕ ಮತ್ತು ಗುಂಪನ್ನು ನೆನಪಿಟ್ಟಿರುತ್ತದೆ. ‘ಆರ್‌ಪಿಎಂ -ವಿಎ’ ಕೊಟ್ಟಾಗ ಅನುಮತಿ ಬದಲಾದ ಸಾಲುಗಳಲ್ಲಿ ‘ಎಂ’ ಅಕ್ಷರ ಕಾಣಿಸುತ್ತದೆ. ‘--ಸೆಟ್‌ಪರ್ಮ್ಸ್ -ಎ’ ಅವನ್ನು ಸರಿಪಡಿಸುತ್ತದೆ. ಮಾಲೀಕತ್ವವೂ ಕೆಟ್ಟಿದ್ದರೆ ‘--ಸೆಟ್‌ಯುಜಿಐಡಿಎಸ್’ ಅನ್ನು ಮೊದಲೇ ನಡೆಸಬೇಕು, ಏಕೆಂದರೆ ಮಾಲೀಕರನ್ನು ಬದಲಿಸಿದಾಗ ಕರ್ನಲ್ ಸೆಟ್‌ಯುಐಡಿ ಬಿಟ್ಟನ್ನು ತೆಗೆದುಹಾಕುತ್ತದೆ. ಇಂಟರ್ನೆಟ್ ಬೇಡ, ಸಮಯವೂ ಹೆಚ್ಚು ಹಿಡಿಯುವುದಿಲ್ಲ. ಆದರೆ ಸ್ಥಾಪನೆಯ ನಂತರ ಹುಟ್ಟಿದ ಹೋಸ್ಟ್ ಕೀಗಳು ಮತ್ತು ನಾವೇ ಇಟ್ಟ ಡೇಟಾ ಅದರ ಲೆಕ್ಕದಲ್ಲಿಲ್ಲ.

ಡೆಬಿಯನ್‌ನಲ್ಲಿ ಇಷ್ಟೂ ಇಲ್ಲ. ಅದರ ಪ್ಯಾಕೇಜ್ ವ್ಯವಸ್ಥೆಯಾದ ಡಿಪಿಕೆಜಿ ತನ್ನ ಬಳಿ ಫೈಲ್‌ಗಳ ಪಟ್ಟಿಯನ್ನೂ ಫೈಲಿನೊಳಗಿನದು ಬದಲಾಗಿದೆಯೇ ಎಂದು ನೋಡುವ ಎಂಡಿ5 ಮೊತ್ತಗಳನ್ನೂ ಇಟ್ಟುಕೊಳ್ಳುತ್ತದೆಯೇ ಹೊರತು ಅನುಮತಿಗಳನ್ನಲ್ಲ. ಅವು ಪ್ಯಾಕೇಜಿನ ಒಳಗೇ ಇರುವುದರಿಂದ ಎಲ್ಲವನ್ನೂ ಆಪ್ಟ್ ಕಮಾಂಡಿನ ‘--ರೀಇನ್‌ಸ್ಟಾಲ್’ ಮೂಲಕ ಮತ್ತೆ ಡೌನ್‌ಲೋಡ್ ಮಾಡಬೇಕಾಗುತ್ತದೆ. ಪ್ರೋಗ್ರಾಂಗಳು ಇದರಿಂದ ಸರಿಹೋದವು. ಆದರೆ ಮೊದಲೇ ಇರುವ ಡೈರೆಕ್ಟರಿಯ ಅನುಮತಿಯನ್ನು ಡಿಪಿಕೆಜಿ ಮುಟ್ಟುವುದಿಲ್ಲ, ಕಾನ್ಫಿಗರೇಶನ್ ಫೈಲಿಗಂತೂ ಈಗಿರುವ ಕೆಟ್ಟ ಅನುಮತಿಯನ್ನೇ ಉಳಿಸಿಕೊಡುತ್ತದೆ. ಸ್ಥಾಪನೆಯ ಸ್ಕ್ರಿಪ್ಟ್‌ಗಳಿಂದ ರಚನೆಯಾಗುವ /ಇಟಿಸಿ/ಶ್ಯಾಡೋ ಎಂಬ ಪಾಸ್‌ವರ್ಡ್ ಫೈಲಿಗೆ ಕೈಯಾರೆ 640 (ಮಾಲೀಕನಿಗೆ ಓದು-ಬರಹ, ಗುಂಪಿಗೆ ಓದು ಮಾತ್ರ) ಕೊಡಬೇಕಾಯಿತು. ಅಷ್ಟೆಲ್ಲ ಡೌನ್‌ಲೋಡ್ ಮಾಡಿ ಅರ್ಧ ದುರಸ್ತಿಗೆ ತೃಪ್ತಿಪಡುವ ಈ ದಾರಿಯನ್ನು, ಬೇರೆ ಗತಿಯಿಲ್ಲದಿದ್ದರೆ ಮಾತ್ರ ನಾನು ಹಿಡಿಯುತ್ತೇನೆ.

ನನ್ನ ಮೆಚ್ಚುಗೆ, ಅನುಮತಿಗಳನ್ನು ಓದಿ ತೋರಿಸುವ ಗೆಟ್‌ಎಫ್‌ಎಸಿಎಲ್ ಕಮಾಂಡಿನ ಪಟ್ಟಿಗೆ. ‘ಗೆಟ್‌ಎಫ್‌ಎಸಿಎಲ್ -ಆರ್’ ಬರೆದುಕೊಡುವ ಸಾದಾ ಪಠ್ಯದಲ್ಲಿ ಪ್ರತಿ ಫೈಲಿನ ಹೆಸರು, ಮಾಲೀಕ, ಗುಂಪು, ಅನುಮತಿಗಳಿರುತ್ತವೆ. ಸುಡೋದಂಥ ಫೈಲಿಗೆ ‘# ಫ್ಲಾಗ್ಸ್: ಎಸ್--’ ಎಂಬ ಸಾಲೂ ಸೇರಿರುತ್ತದೆ. ‘ಸೆಟ್‌ಎಫ್‌ಎಸಿಎಲ್ --ರಿಸ್ಟೋರ್’ ಇವೆಲ್ಲವನ್ನೂ ಮರಳಿಸುತ್ತದೆ. ಹೋಸ್ಟ್ ಕೀ, ವೆಬ್ ಡೈರೆಕ್ಟರಿ, ಶ್ಯಾಡೋ, ಎಲ್ಲವೂ ಇದಕ್ಕೆ ಒಂದೇ. ಪಟ್ಟಿಯಲ್ಲಿ ಹೆಸರಿನ ಮೊದಲ ಓರೆಗೆರೆ ಇರುವುದಿಲ್ಲವಾದ್ದರಿಂದ ರೂಟ್ ಡೈರೆಕ್ಟರಿಗೆ (/) ಹೋಗಿಯೇ ರಿಸ್ಟೋರ್ ನಡೆಸಬೇಕು.

ಪಟ್ಟಿ ಮೊದಲೇ ಇರಬೇಕಲ್ಲ ಎಂಬ ಆಕ್ಷೇಪ ನ್ಯಾಯವಾದುದು. ಎಲ್‌ವಿಎಂ (ಡಿಸ್ಕ್ ವಿಭಾಗಗಳನ್ನು ನಿರ್ವಹಿಸುವ ವ್ಯವಸ್ಥೆ) ಅಥವಾ ಬಿಟಿಆರ್‌ಎಫ್‌ಎಸ್ (ಒಂದು ಫೈಲ್ ಸಿಸ್ಟಮ್) ತೆಗೆದಿಟ್ಟ ಸ್ನ್ಯಾಪ್‌ಶಾಟ್, ಅಂದರೆ ಹಿಂದಿನ ಒಂದು ಕ್ಷಣದ ಪ್ರತಿ, ಇದ್ದರೆ ಅದಕ್ಕೂ ಉತ್ತರವಿದೆ. ಇಡೀ ಸಿಸ್ಟಮ್ಮನ್ನು ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಿಸುವುದು ಸುಲಭವೇ, ಆದರೆ ನಡುವೆ ಬರೆದ ಡೇಟಾ ಹೋಗುತ್ತದೆ. ಬದಲಿಗೆ ಸ್ನ್ಯಾಪ್‌ಶಾಟನ್ನು ಓದಲಷ್ಟೇ ಮೌಂಟ್ ಮಾಡಿ, ಅದರೊಳಗಿಂದ ಪಟ್ಟಿ ತೆಗೆದು, ಓಡುತ್ತಿರುವ ಸಿಸ್ಟಮ್ಮಿಗೆ ಅನ್ವಯಿಸಿದೆ. ಅನುಮತಿಗಳು ಹಿಂದಿನವು, ಡೇಟಾ ಇಂದಿನದು! ಫೈಲ್ ಸಿಸ್ಟಮ್ ಎಕ್ಸ್‌ಎಫ್‌ಎಸ್ ಆಗಿದ್ದರೆ ಮೌಂಟ್ ಮಾಡುವಾಗ ‘ನೋಯುಯುಐಡಿ’ ಸೇರಿಸಬೇಕು, ಇಲ್ಲವಾದರೆ ಒಂದೇ ಯುಯುಐಡಿ (ಫೈಲ್ ಸಿಸ್ಟಮ್ಮಿನ ಗುರುತು ಸಂಖ್ಯೆ) ಎರಡು ಕಡೆ ಇದೆಯೆಂದು ಅದು ಒಪ್ಪುವುದಿಲ್ಲ. ಸ್ನ್ಯಾಪ್‌ಶಾಟ್‌ನ ನಂತರ ಹುಟ್ಟಿದ ಫೈಲ್‌ಗಳು 777 ಆಗಿಯೇ ಉಳಿಯುತ್ತವೆ. ಅವನ್ನು ‘ಫೈಂಡ್ -ಟೈಪ್ ಎಫ್ -ಪರ್ಮ್ 0777’ ಹುಡುಕಿಕೊಡುತ್ತದೆ.

ಬರೀ ಡೇಟಾ ಡೈರೆಕ್ಟರಿ ಕೆಟ್ಟಿದ್ದರೆ ಇಷ್ಟೆಲ್ಲ ಬೇಡ. ಡೈರೆಕ್ಟರಿಗಳಿಗೆ 755, ಫೈಲ್‌ಗಳಿಗೆ 644 ಎಂದು ಫೈಂಡ್‌ನಿಂದ ಬೇರ್ಪಡಿಸಿ ಕೊಟ್ಟರೆ ಬಹುಮಟ್ಟಿಗೆ ಸಾಕು. ಹಲವರು ಸೂಚಿಸುವ, ಡೈರೆಕ್ಟರಿಗಳಿಗೂ ಈಗಾಗಲೇ ಎಕ್ಸಿಕ್ಯೂಟ್ ಬಿಟ್ (ನಡೆಸುವ ಅನುಮತಿ) ಇರುವ ಫೈಲ್‌ಗಳಿಗೂ ಮಾತ್ರ ಆ ಬಿಟ್ ಕೊಡುವ ಚ್‌ಮಾಡ್‌ನ ದೊಡ್ಡ ‘ಎಕ್ಸ್’ ಒಂದೇ ಇಲ್ಲಿ ಸಾಲದು, ಏಕೆಂದರೆ 777ರ ನಂತರ ಪ್ರತಿ ಫೈಲೂ ಈಗಾಗಲೇ ಎಕ್ಸಿಕ್ಯೂಟ್ ಬಿಟ್ ಹೊತ್ತಿರುತ್ತದೆ.

ಗೆಟ್‌ಎಫ್‌ಎಸಿಎಲ್ ಪಟ್ಟಿಗೂ ಒಂದು ಕೊರತೆಯಿದೆ. ಫೈಲ್ ಕೇಪಬಿಲಿಟಿಗಳು (ಪ್ರೋಗ್ರಾಮಿಗೆ ರೂಟ್ ಅಧಿಕಾರದ ಒಂದು ತುಣುಕನ್ನಷ್ಟೇ ಕೊಡುವ ಗುರುತುಗಳು) ಅದರಲ್ಲಿ ಬರುವುದಿಲ್ಲ. ತಪ್ಪು ಚ್‌ಮಾಡ್ ಅವನ್ನು ಮುಟ್ಟದಿದ್ದರೂ ತಪ್ಪು ಚ್‌ಓನ್ (ಮಾಲೀಕರನ್ನು ಬದಲಿಸುವ ಕಮಾಂಡ್) ಅಳಿಸಿಬಿಡುತ್ತದೆ. ಆದ್ದರಿಂದ ಪ್ರತಿದಿನ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕಮಾಂಡ್ ನಡೆಸುವ ಸೇವೆ) ಪಟ್ಟಿ ತೆಗೆಯುವವರು ‘ಗೆಟ್‌ಕ್ಯಾಪ್ -ಆರ್’ ಕೊಡುವ ಸಾಲುಗಳನ್ನೂ ಅದರ ಪಕ್ಕದಲ್ಲೇ, ಸಾಧ್ಯವಾದರೆ ಬೇರೊಂದು ಮಷೀನಿನಲ್ಲಿ, ಉಳಿಸಿಕೊಳ್ಳುವುದು ಒಳ್ಳೆಯದು.